ಬಾವುಟ ತಿರುಗದ ಓಣಿ

ಬಣ್ಣ ಇನ್ನೂ ಹಸಿ ಜೇಡಿಮಣ್ಣಿನದು, ಹಿಟ್ಟಿನ ವಾಸನೆಯೂ ಹೋಗಿಲ್ಲ, ತಿರುವುತ್ತಾ ಇರು ಅಝೇಲಿ, ಕೈ ನಿಲ್ಲಬಾರದು, ಎಣ್ಣೆ, ಮೈದಾ, ಬೆಂಕಿ — ರೂ ಎಂದರೆ ಇಷ್ಟೇ, ಆದರೆ ಮಧ್ಯಾಹ್ನ ಊಟಕ್ಕೆ ಬರುವ ನಲವತ್ತು ಜನರ ಗಂಬೋ ಸಾರು ಇದರ ಮೇಲೆ ನಿಂತಿದೆ, ಒಂದು ಗಳಿಗೆ ಕಣ್ಣು ಆಚೆ ಹೋದರೆ ತಳ ಹಿಡಿಯುತ್ತದೆ, ತಳ ಹಿಡಿದದ್ದನ್ನು ಹಂದಿಗೂ ಹಾಕುವಂತಿಲ್ಲ, ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು — ಅಮ್ಮ ಗಡಿಯಾರ ನೋಡುತ್ತಿರಲಿಲ್ಲ, ಜಪಸರ ಹಿಡಿದು ಅಳೆಯುತ್ತಿದ್ದಳು, ಸಣ್ಣ ಉರಿಯಲ್ಲಿ ಐದು ರಹಸ್ಯ, ಮೊದಲನೆಯದು ಮುಗಿಯುವಾಗ ಜೇಡಿಮಣ್ಣು, ಮೂರನೆಯದಕ್ಕೆ ಹುರಿದ ಕಡಲೆಕಾಯಿ, ಐದನೆಯದಕ್ಕೆ ಹಳ್ಳದ ದಂಡೆಯ ಒದ್ದೆ ಮಣ್ಣು, ಅಲ್ಲಿಗೆ ಈರುಳ್ಳಿ ಸುರಿದು ಬಿಡುವುದು. ತಪಸ್ಸುಕಾಲದ ಉಪವಾಸಕ್ಕೆ ಮುಂಚಿನ ದಿನದ ಹಬ್ಬ, ಮಾರ್ಡಿ ಗ್ರಾ, ಯಾವಾಗಲೂ ಮಂಗಳವಾರ, ಮಂಗಳವಾರಕ್ಕೆ ದುಃಖದ ರಹಸ್ಯಗಳು, ಕುಣಿಯುವ ದಿನ ದುಃಖದ್ದೇ ಯಾಕಮ್ಮ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ, ನಾಳೆ ಹಣೆಗೆ ಬೂದಿ ಬೀಳತ್ತಲ್ಲ ಮಗಳೇ, ಮನಸ್ಸು ಇವತ್ತಿಂದ್ಲೇ ಸ್ವಲ್ಪ ರೂಢಿ ಮಾಡ್ಕೊಳ್ಳಲಿ ಅಂತ, ಅಂದಿದ್ದಳು, ಹಾಗನ್ನುತ್ತಲೇ ಹಂಡೆಯ ಅಂಚಿಗೆ ಸೌಟು ತಟ್ಟಿದ್ದಳು, ಆ ಟಕ್ ಶಬ್ದ ಈಗಲೂ ಇದೇ ಅಂಚಿನಲ್ಲಿ ಇದೆ, ತಟ್ಟಿದರೆ ಬರುತ್ತದೆ — ನಮೋ ಮರಿಯಾ, ವರಪ್ರಸಾದ ಪೂರ್ಣಳೇ — ಮಗಳು ಮಾರ್ಲಿಸ್ ಕತ್ತರಿಸಿಟ್ಟ ಈರುಳ್ಳಿ, ಸೆಲರಿ, ದೊಣ್ಣೆಮೆಣಸು ಮೂರು ಬೋಗುಣಿಗಳಲ್ಲಿ ಕಾಯುತ್ತಿವೆ, ಹೊಗೆಯಾಡಿಸಿದ ಸಾಸೇಜು ಹಲಗೆಯ ಮೇಲಿದೆ, ಸಿಹಿ ಹಿಟ್ಟಿನ ಕಡುಬುಗಳು ಬಟ್ಟೆ ಹೊದ್ದು ಆರುತ್ತಿವೆ, ಕಿಟಕಿಯಾಚೆ ಗದ್ದೆಯ ನೀರಿನ ಮೇಲೆ ಮಂಜು ಇನ್ನೂ ಎದ್ದಿಲ್ಲ, ಎಲ್ಲವೂ ಇದೆ, ಎಲ್ಲ ವರ್ಷದ ಹಾಗೆಯೇ ಇದೆ.

ಎಲ್ಲ ವರ್ಷದ ಹಾಗೆ ಅಲ್ಲ. ಬೆಳಿಗ್ಗೆ ಮಾರ್ಲಿಸ್ ಈರುಳ್ಳಿ ಸುಲಿಯುತ್ತಾ, ತಲೆ ಎತ್ತದೆ, ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದಳು, ಅಮ್ಮ, ಓವಿ ಮಾಮ ಈ ವರ್ಷಕ್ಕೆ ಬಾವುಟ ಬಿಡ್ತಾನಂತೆ, ಮೊಣಕಾಲು ಕುದುರೆ ಮೇಲೆ ನಿಲ್ತಾ ಇಲ್ಲವಂತೆ, ಮುಂದಿನ ವರ್ಷ ದಂಡಿಗೆ ಬೇರೆ ಯಾರೋ ನಾಯಕ. ನಾನು ಎಣ್ಣೆ ಅಳೆಯುತ್ತಿದ್ದೆ, ಒಂದು ಲೋಟ ಹೆಚ್ಚು ಬಿತ್ತು, ಹಿಟ್ಟೂ ಹೆಚ್ಚು ಹಾಕಬೇಕಾಯಿತು. ಮಗಳು ನನ್ನ ಹೊಟ್ಟೆಯಿಂದಲೇ ಬಂದವಳು, ಸುಮ್ಮನಿರುತ್ತಾಳೆಯೇ, ಕೊಡು ಇಲ್ಲಿ, ರೂ ನಾನು ತಿರುವ್ತೀನಿ, ನೀನು ಹೋಗಿ ಜಗಲಿ ಮೇಲೆ ನಿಂತ್ಕೋ, ಅಂದಳು. ನಿನಗೆ ಬಣ್ಣ ಗೊತ್ತಾಗಲ್ಲ ಅಂದೆ. ನನಗೆ ಬಣ್ಣ ಗೊತ್ತಾಗತ್ತೆ, ಹನ್ನೊಂದು ವರ್ಷದಿಂದ ನಿನ್ನ ಗಡಿಯಾರಾನೂ ಗೊತ್ತಾಗಿದೆ, ದಂಡು ನಮ್ಮ ಓಣಿ ದಾಟೋದು ಹನ್ನೊಂದಕ್ಕೆ, ನೀನು ಹಂಡೆ ಇಡೋದು ಹತ್ತೂವರೆಗೆ, ಪಾಪ, ಕೈ ಬಿಡೋ ಹಾಗಿಲ್ಲವಲ್ಲ — ಅಂದು ಬೋಗುಣಿ ನನ್ನ ಮುಂದೆ ತುಸು ಜೋರಾಗಿಯೇ ಇಟ್ಟು, ಹಿತ್ತಲ ಶೆಡ್ಡಿನಿಂದ ಬೆಂಚು ತರಲು ಹೋದವಳು ಇನ್ನೂ ಬಂದಿಲ್ಲ. ತಿರುವು, ಅಝೇಲಿ. ಅವಳು ಹೇಳಿದ್ದು ನಿಜ. ದೇವರೆದುರು ಸೌಟು ಅಡ್ಡ ಹಿಡಿದು ನಿಲ್ಲುವವಳು ನಾನು. ಎರಡನೆಯ ರಹಸ್ಯ, ಕಂಬಕ್ಕೆ ಕಟ್ಟಿ ಹೊಡೆದದ್ದು, ಬಣ್ಣ ಬಿಸ್ಕತ್ತಿನ ಹಾಗಾಗಿದೆ, ಮುಂಬಾಗಿಲ ಜಗಲಿಯ ಮೇಲೆ ನನ್ನ ಗಂಡ ಯೂಝೆಬ್ ಕೋಳಿಯೊಂದಿಗೆ ಮಾತಾಡುತ್ತಿರುವುದು ಕೇಳಿಸುತ್ತಿದೆ, ಪ್ರತಿ ವರ್ಷವೂ, ಕುದುರೆಯೇರಿ ಮನೆ ಮನೆಗೆ ಹಾಡಿ ಕೋಳಿ ಬೇಡುವ ದಂಡಿಗೆ ಕೊಡಲೆಂದು ಒಂದು ಹ್ಯಾಟೆಯನ್ನು ಜೋಳ ಹಾಕಿ ಕೊಬ್ಬಿಸುತ್ತಾನೆ, ಬೆಳಿಗ್ಗೆ ಅದನ್ನು ಕಂಕುಳಲ್ಲಿಟ್ಟುಕೊಂಡು ಕೂರುತ್ತಾನೆ, ದಂಡು ದಾಟಿ ಹೋದ ಮೇಲೆ ನೆಲಕ್ಕೆ ಬಿಡುತ್ತಾನೆ, ಮುಡಿಪಿಟ್ಟದ್ದನ್ನು ಕುಯ್ಯಬಾರದೆಂದು ಅವನ ವಾದ, ಹಾಗಾಗಿ ನಮ್ಮ ಅಂಗಳದ ತುಂಬ ಮುದಿ ಕೋಳಿಗಳು, ಮೊಟ್ಟೆಯೂ ಇಲ್ಲ ಸಾರೂ ಇಲ್ಲ, ಇದೇನು ಕೋಳಿಗೂಡೋ ವೃದ್ಧಾಶ್ರಮವೋ ಎಂದರೆ, ಇರಲಿ ಬಿಡು, ನಿನ್ನ ಜೊತೆಗೆ ಇರ್ತವೆ, ಎನ್ನುತ್ತಾನೆ. ಒಂದು ಸಲವೂ ನೇರವಾಗಿ ನೀನು ಹೊರಗೆ ಬಾ ಎಂದಿಲ್ಲ, ಕೋಳಿ ಸಾಕುವುದೇ ಅವನ ಮಾತು.

ಹನ್ನೊಂದು ವರ್ಷದ ಹಿಂದಿನ ಮಾರ್ಡಿ ಗ್ರಾ, ಅಮ್ಮ ತೀರಿಕೊಂಡು ಒಂಬತ್ತು ದಿನವಾಗಿತ್ತು, ಬಾಗಿಲಿಗೆ ಕಪ್ಪು ಬಟ್ಟೆ ಇತ್ತು, ಅಂದು ಒಲೆ ಹಚ್ಚಿರಲಿಲ್ಲ ನಾನು, ಸಾವಿನ ಮನೆಗೆ ದಂಡು ಬರುವುದಿಲ್ಲ, ಯಾರೂ ತಪ್ಪು ತಿಳಿಯುವುದಿಲ್ಲ, ಆದರೂ ಓಣಿಯಲ್ಲಿ ಕುದುರೆಯ ಸದ್ದು, ನೋಡಿದರೆ ನನ್ನ ತಮ್ಮ, ಓವಿ, ನಾಯಕನ ಕೆಂಪು ನಿಲುವಂಗಿಯಲ್ಲಿ, ಮುಖವಾಡವಿಲ್ಲದ ಮುಖ, ಕೈಯಲ್ಲಿ ಬಿಳಿ ಬಾವುಟ, ಹಿಂದೆ ರಸ್ತೆಯಲ್ಲಿ ಚಿಂದಿ ಅಂಗಿ, ಮುಖವಾಡ, ಚೂಪು ಟೊಪ್ಪಿಗೆಯ ಮೂವತ್ತು ಸವಾರರು ಅಪ್ಪಣೆಗೆ ಕಾದು ನಿಂತಿದ್ದರು, ನಾಯಕ ಬಾವುಟ ಮೇಲೆತ್ತಿದರೆ ಒಳಗೆ ಬನ್ನಿ ಎಂದರ್ಥ, ಓವಿ ಮೆಟ್ಟಿಲ ಹತ್ತಿರ ಬಂದು, ಟೋಪಿ ತೆಗೆದು, ಮನೆಯೊಡತಿ, ಮಾರ್ಡಿ ಗ್ರಾ ದಂಡನ್ನ ಬರಮಾಡ್ಕೊಳ್ತೀರಾ, ಎಂದ, ಊರಲ್ಲಿ ಎಲ್ಲ ಬಾಗಿಲಲ್ಲೂ ಕೇಳುವ ಹಾಗೆ, ಕಣ್ಣು ಮುಚ್ಚೋ ಮುಂಚೆ ಅಮ್ಮ ಹೇಳಿದಾಳೆ, ನನ್ನ ಬಾಗಿಲು ದಾಟಿ ಹೋಗಬೇಡ, ಕುರ್ಚಿ ಖಾಲಿ ಇದ್ರೂ ಹಾಡಿ ಹೋಗು ಅಂದಾಳೆ, ಎಂದ. ಕಣ್ಣು ಕೆಂಡದ ಹಾಗೆ ಕೆಂಪಗಿತ್ತು, ಮಾತು ತೊದಲುತ್ತಿತ್ತು. ನಾನು ಕೇಳಿದೆ — ಮೂವತ್ತು ಜನಕ್ಕೂ ಕೇಳಿಸುವ ಹಾಗೆ ಕೇಳಿದೆ — ಕುಡಿದು ಬಂದಿದ್ದೀಯೇನೋ? ದಂಡಿನಲ್ಲಿ ಎಲ್ಲರೂ ಕುಡಿಯಬಹುದು, ನಾಯಕ ತುಟಿಗೆ ಸೋಕಿಸುವಂತಿಲ್ಲ, ಅವನ ಹಿಡಿತದಲ್ಲೇ ಅಷ್ಟು ಜನ, ಅಷ್ಟು ಕುದುರೆ, ಅಷ್ಟು ಮನೆಗಳ ಮರ್ಯಾದೆ, ಬೆಳಗಿನ ಆಣೆ ಅದು, ನಮ್ಮ ಅಪ್ಪನೂ ಆ ಆಣೆ ಇಟ್ಟವನು. ಓವಿ ಬಾವುಟದ ಬಟ್ಟೆಯನ್ನು ಕೋಲಿಗೆ ಸುತ್ತಿದ, ಒಂದು ಸುತ್ತು, ಇನ್ನೊಂದು ಸುತ್ತು, ಸಾವಕಾಶವಾಗಿ, ಹಾಸಿಗೆ ಮಡಿಸುವವನ ಹಾಗೆ, ಕುದುರೆ ತಿರುಗಿಸಿದ. ಯೂಝೆಬ್ ಅಂದೇ ಹೇಳಿದ, ಲಗಾಮು ಹಿಡ್ಕೊಂಡು ನಿಂತಿದ್ದೆ ಅಝೇಲಿ, ಅವನ ಬಾಯಲ್ಲಿ ಕಾಫಿ ವಾಸನೆ ಬಿಟ್ರೆ ಏನೂ ಇರಲಿಲ್ಲ, ದಾರಿಯುದ್ದಕ್ಕೂ ಅತ್ಕೊಂಡು ಬಂದಿದ್ದ. ಹನ್ನೊಂದು ತಪಸ್ಸುಕಾಲ ನಾನು ಇದನ್ನು ಪಾಪನಿವೇದನೆಯಲ್ಲಿ ಹೇಳಿದ್ದೇನೆ, ಪಾದ್ರಿಗಳು ಕೊನೆಗೆ ನಿಟ್ಟುಸಿರಿಟ್ಟು, ತಾಯಿ, ಪಾಪ ನನ್ನ ಹತ್ರ ಹೇಳ್ತಾ ಇದ್ದೀಯ, ಕ್ಷಮೆ ಇರೋದು ಇಲ್ಲಿಂದ ನಾಲ್ಕು ಮೈಲಿ ಆಚೆ, ಅಂದರು, ನಾಲ್ಕು ಮೈಲಿ ಎಷ್ಟು ದೂರ, ಭಾನುವಾರ ಇಗರ್ಜಿಯಲ್ಲಿ ಮೂರು ಬೆಂಚಿನಾಚೆ ಅವನ ಬೋಳು ನೆತ್ತಿ ಕಾಣುತ್ತದೆ, ಶಾಂತಿ ಹೇಳುವ ಹೊತ್ತಿಗೆ ಎಲ್ಲರೂ ಎಲ್ಲರ ಕಡೆ ತಿರುಗುತ್ತಾರೆ, ಅವನು ತಿರುಗುವುದಿಲ್ಲ, ಅಥವಾ ತಿರುಗುವಷ್ಟರಲ್ಲಿ ನಾನು ತಲೆ ತಗ್ಗಿಸಿರುತ್ತೇನೆ, ದೇವರೇ ಬಲ್ಲ ಯಾರು ಮೊದಲೆಂದು — ಕಡಲೆಕಾಯಿಯ ಬಣ್ಣ ಬಂತು, ವಾಸನೆಯೂ ಬಂತು, ಮೂರನೆಯದು, ಮುಳ್ಳಿನ ಕಿರೀಟ — ಪ್ರತಿ ವರ್ಷ ನಮ್ಮ ಓಣಿಯ ಬಾಯಿಗೆ ಬಂದಾಗ ಅವನು ಬಟ್ಟೆಯನ್ನು ಕೋಲಿಗೆ ಸುತ್ತಿಕೊಳ್ಳುತ್ತಾನಂತೆ, ಒಂದು ಸುತ್ತು, ಇನ್ನೊಂದು ಸುತ್ತು, ದಾಟಿದ ಮೇಲೆ ಬಿಚ್ಚುತ್ತಾನಂತೆ, ಯೂಝೆಬ್ ಹೇಳಿದ್ದು, ನಾನು ನೋಡಿಲ್ಲ, ನಾನು ತಿರುವುತ್ತಿರುತ್ತೇನೆ.

ಪಿಟೀಲು. ಮೊದಲು ಪಿಟೀಲು, ಆಮೇಲೆ ಗೊರಸು, ಜಲ್ಲಿಯ ಮೇಲೆ ಬಿದ್ದ ಗೊರಸು, ಆಮೇಲೆ ಯಾರದೋ ಕೇಕೆ, ಪೆಕಾನ್ ಮರದ ತಿರುವಿಗೆ ಬಂದಿದ್ದಾರೆ, ನಾಲ್ಕನೆಯ ರಹಸ್ಯ, ಶಿಲುಬೆ ಹೊತ್ತು ನಡೆದದ್ದು, ನಡೆದದ್ದು, ಬಣ್ಣ ಕ್ಷಣಕ್ಷಣಕ್ಕೆ ಕಪ್ಪಾಗುವ ಹೊತ್ತು ಇದೇ, ಇದೇ ಹೊತ್ತಿಗೆ ಕೈ ಬಿಡಬಾರದು, ಇನ್ನು ಮುಂದಿನ ವರ್ಷ ಬೇರೆ ನಾಯಕ, ಬೇರೆ ಮುಖ, ಅವನು ಈ ಓಣಿಗೆ ತಿರುಗಿದರೂ ತಿರುಗದಿದ್ದರೂ ನನಗೇನು, ನಲವತ್ತು ಜನ ಹಸಿದು ಬರುತ್ತಾರೆ, ಮಾರ್ಲಿಸ್ ಎಲ್ಲಿ ಹೋದಳು, ಮಾರ್ಲಿಸ್ ಎಂದು ಕೂಗಲು ಬಾಯಿ ತೆರೆದೆ, ಕೂಗಲಿಲ್ಲ, ಕಾಲು ಹೊರಟಿತ್ತು. ನಡುಮನೆ, ಅಮ್ಮನ ಕುರ್ಚಿ, ಬಾಗಿಲು, ಚಳಿ. ಸೌಟು ಕೈಯಲ್ಲೇ ಇದೆ, ಹನಿ ಹನಿ ಹಲಗೆಯ ಮೇಲೆ ಬೀಳುತ್ತಿದೆ. ಯೂಝೆಬ್ ನನ್ನನ್ನು ನೋಡಿ ಎದ್ದು ನಿಂತ, ಕೋಳಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಓಣಿಯ ಬಾಯಲ್ಲಿ ಕೆಂಪು ನಿಲುವಂಗಿ, ಅವನ ಕೈ ಬಟ್ಟೆಯನ್ನು ಕೋಲಿಗೆ ಸುತ್ತುತ್ತಿತ್ತು, ನನ್ನನ್ನು ಕಂಡು ನಿಂತಿತು, ಅರ್ಧ ಸುತ್ತಿದ ಬಟ್ಟೆ. ಪಿಟೀಲು ನಿಂತಿತು. ಅವನೊಬ್ಬನೇ ಓಣಿಗೆ ತಿರುಗಿದ, ಕುದುರೆ ಹೆಜ್ಜೆ ಹೆಜ್ಜೆಯಾಗಿ ಬಂತು, ಎಷ್ಟು ಮುದುಕನಾಗಿದ್ದಾನೆ, ಕೆನ್ನೆ ಅಪ್ಪನದೇ, ಮೆಟ್ಟಿಲ ಹತ್ತಿರ ಬಂದು ಟೋಪಿ ತೆಗೆದ, ಮನೆಯೊಡತಿ, ಎಂದ, ಪರಕೀಯಳನ್ನು ಕರೆಯುವ ಹಾಗೆ, ಅಷ್ಟೇ ಎಂದ. ಅವತ್ತು ನೀನು ಕುಡಿದಿರಲಿಲ್ಲ ಓವಿ, ಅಂದೆ, ರಸ್ತೆಯವರೆಗೂ ಕೇಳಲಿ ಎಂದು ಗಟ್ಟಿಯಾಗಿ, ಕುಡಿದಿರಲಿಲ್ಲ, ತಪ್ಪು ಮಾತಾಡಿದ್ದು ನಾನು. ಮುಖವಾಡಗಳು ಅಲುಗಲಿಲ್ಲ. ಕುದುರೆ ಮೂಗು ಸೀಟಿತು. ಓವಿ ನನ್ನ ಹಿಂದಿನ ಬಾಗಿಲನ್ನು ನೋಡುತ್ತಾ ಗಾಳಿ ಮೂಸಿದ, ಅಕ್ಕ, ಅಂದ, ಒಳಗೆ ತಳ ಹಿಡೀತಾ ಇದೆ. ಹೌದು, ಆ ಕಹಿ, ನನಗೂ ಬಂತು, ಇಡೀ ಮನೆ ತುಂಬಿಕೊಂಡು ಹೊರಗೆ ಬರುತ್ತಿದೆ, ನಲವತ್ತು ಜನರದು. ಹಿಡೀಲಿ, ಅಂದೆ. ಹೋಗಿ ನೋಡು, ಅಂದ. ಹಿಡೀಲಿ ಬಿಡೋ, ಇನ್ನೊಂದು ಹಚ್ಚಿದರಾಯ್ತು, ನೀನು ಕೇಳಬೇಕಾದ್ದು ಕೇಳು, ಅಂದೆ. ಅವನು ಕೇಳಲಿಲ್ಲ, ಕೆಳಗೆ ನೋಡಿದ, ಬೆರಳುಗಳು ಕೋಲಿನ ಮೇಲೆ ಹುಡುಕಿದವು, ಒಂದು ಸುತ್ತು ಬಿಚ್ಚಿತು, ಬಿಳಿ, ಗಾಳಿಯಿಲ್ಲ, ಇನ್ನೊಂದು ಸುತ್ತು, ಬಿಳಿ ಬಟ್ಟೆ, ತೋಳು ಮೇಲೇಳುತ್ತಿದೆ, ಬಟ್ಟೆ ಅವನ ಕೆಂಪು ಭುಜ ದಾಟುತ್ತಿದೆ, ಬೋಳು ನೆತ್ತಿ ದಾಟುತ್ತಿದೆ, ಬಿಳಿ, ಇನ್ನೂ ಮೇಲೆ, ಬಿಳಿ —