ಖಾಲಿ ಉಳಿದ ತೂಕದ ಸಾಲು

ರಾಟೆ ತಿರುಗುತ್ತಿತ್ತು. ಸಾವಿತ್ರೆವ್ವನ ಬಲಗೈ ಹಿಡಿಕೆಯ ಮೇಲಿತ್ತು, ಎಡಗೈ ಬೆರಳ ಸಂದಿಯಲ್ಲಿ ಕೆಂಪು ರೇಷ್ಮೆಯ ಎಳೆ ಓಡುತ್ತಿತ್ತು. ಎಳೆ ಸುತ್ತಿಕೊಳ್ಳುವ ಕಂಡಿಕೆ ಅರ್ಧ ತುಂಬಿತ್ತು. ಹಾಗೇ ತಿರುಗುತ್ತಿದ್ದ ರಾಟೆ ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಎಳೆ ಪಟ್ಟನೆ ಹರಿಯಿತು.

ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಮಗಳು ಮಹೇಶ್ವರಿ ಲಾಳಿಯನ್ನು ಅಲ್ಲೇ ಬಿಟ್ಟು ತಿರುಗಿ ನೋಡಿದಳು. ತಾಯಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಇನ್ನೂ ಬೆಳಗಿನ ಒಂಬತ್ತು ಗಂಟೆ. ಗೊರಕೆ ಏರಿತು, ಏರುತ್ತ ಏರುತ್ತ ಒಮ್ಮೆಲೇ ಕಡಿದುಹೋಯಿತು. ಎದೆ ಆಡಲಿಲ್ಲ. ಮಹೇಶ್ವರಿ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂದು, ಎರಡು, ಮೂರು... ಹದಿನಾಲ್ಕಕ್ಕೆ ಸಾವಿತ್ರೆವ್ವ ಬಾವಿಯಲ್ಲಿ ಮುಳುಗಿ ಮೇಲೆದ್ದವಳ ಹಾಗೆ ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಮತ್ತೆ ಗೊರಕೆ.

"ಎಬ್ಬಿಸಬ್ಯಾಡ," ಎಂದ ಇನ್ನೊಂದು ಮಗ್ಗದಿಂದ ತಂದೆ ಶಂಕ್ರಪ್ಪ. "ಸುಖದ ನಿದ್ದಿ ಆಕಿದು. ನಮಗೆಲ್ಲಿ ಬರ್ಬೇಕು ಅಂಥಾ ನಿದ್ದಿ."

ಮಹೇಶ್ವರಿಯನ್ನು ಇಳಕಲ್ಲಿನ ಅದೇ ಓಣಿಗೆ ಮದುವೆ ಮಾಡಿಕೊಟ್ಟಿದ್ದರು. ದಿನಾ ಮುಂಜಾನೆ ತವರಿಗೆ ಬಂದು ನೇಯುತ್ತಿದ್ದಳು. ಅವಳು ಕೂತಿದ್ದ ಆ ತಗ್ಗು ಒಂದು ಕಾಲಕ್ಕೆ ತಾಯಿಯದೇ ಆಗಿತ್ತು. ಸಾವಿತ್ರೆವ್ವ ನೇಯ್ದ ಸೀರೆಯ ದಡಿಯಲ್ಲಿ ಒಂದು ಎಳೆ ಹೆಚ್ಚುಕಡಿಮೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ದಿನ ತಗ್ಗಿಗೆ ಇಳಿದವಳಿಗೆ ಮೇಲೇಳಲು ಆಗಲಿಲ್ಲ. ಗಂಡ, ಮಗಳು, ಪಕ್ಕದ ಮನೆಯವರು ಕೂಡಿ ಎತ್ತಿದರು. ಅವತ್ತಿನಿಂದ ಅವಳ ಪಾಲಿಗೆ ರಾಟೆ ಒಂದೇ ಉಳಿಯಿತು. ಈಗ ಅದೂ ಕೈ ಬಿಡುತ್ತಿತ್ತು.

"ಯಾರದು, ಮಗ್ಗ ಯಾಕ ನಿಂತೈತಿ?" ಎನ್ನುತ್ತ ಆಶಾ ಕಾರ್ಯಕರ್ತೆ ತಸ್ಲೀಮಾ ಒಳಗೆ ಬಂದಳು. ಮಹೇಶ್ವರಿಯ ಸಾಲೆಯ ಗೆಳತಿ. ಹೋದ ತಿಂಗಳಷ್ಟೇ ಈ ಓಣಿಯ ಕೆಲಸ ಅವಳಿಗೆ ಬಂದಿತ್ತು.

"ನಿಮ್ಮ ಕಾಕಿ ಮಲಗ್ಯಾಳ, ರಾಟಿ ಮಲಗೇತಿ," ಎಂದ ಶಂಕ್ರಪ್ಪ. "ಇನ್ನ ಮಗ್ಗ ಒಂದ ಎದ್ದು ಏನ್ ಮಾಡ್ತೈತಿ?"

ತಸ್ಲೀಮಾ ನಗಲಿಲ್ಲ. ನಿಂತಲ್ಲೇ ನಿಂತು ಗೊರಕೆ ಕೇಳಿದಳು. ಅದು ಕಡಿದಾಗ ಅವಳೂ ಉಸಿರು ಹಿಡಿದಳು. ಬಂದು ಸಾವಿತ್ರೆವ್ವನ ಪಾದದ ಮೇಲೆ ಮೆಲ್ಲಗೆ ಬೆರಳೊತ್ತಿದಳು. ಒತ್ತಿದಲ್ಲಿ ತಗ್ಗು ಬಿದ್ದು ಹಾಗೇ ಉಳಿಯಿತು.

"ಈ ಗೊರಕಿ ಎಷ್ಟು ದಿನದ್ದು ಮಹೇಶಿ?"

"ಎರಡು ವರ್ಷ ಆತು."

"ಕಾಕಾ, ಇದು ಸುಖದ ನಿದ್ದಿ ಅಲ್ರಿ. ಕಣ್ಣು ಹತ್ತಿದ್ದ ತಡಾ, ಗಂಟಲದಾಗ ಉಸಿರಿನ ದಾರಿ ಮುಚ್ಚಿಕೊಳ್ತೈತಿ. ರಾತ್ರಿ ಪೂರ್ತಿ ಉಸಿರಿಗಾಗಿ ಗುದ್ದಾಡಿದ ಜೀವ ಹಗಲಿ ತೂಗಡಿಸ್ತೈತಿ. ಹಿಂಗ ಬಿಟ್ರ ಹೃದಯ ಸೋಲ್ತೈತಿ. ಡಾಕ್ಟರಿಗೆ ತೋರ್ಸೀರಿಲ್ಲೋ?"

ಮಹೇಶ್ವರಿ ಎದ್ದು ಟ್ರಂಕಿನ ಹತ್ತಿರ ಹೋದಳು. ಮದುವೆ ಸೀರೆಯ ಮಡಿಕೆಯೊಳಗಿಂದ ಒಂದು ಲಕೋಟೆ ತೆಗೆದು ತಂದು ಗೆಳತಿಯ ಕೈಗಿಟ್ಟಳು. ಲಕೋಟೆಯ ಅಂಚು ಮುದುಡಿತ್ತು.

ಅದು ಕಳೆದ ಶ್ರಾವಣದ ಕಾಗದ. ಊರಿನ ಡಾಕ್ಟರು ಸಾವಿತ್ರೆವ್ವನನ್ನು ಮೂರು ಸಲ ನೋಡಿ ಹೇಳಿದ್ದರು: "ಸಕ್ಕರಿ, ಬಿಪಿ, ಮೊಣಕಾಲು, ಉಸಿರು, ನಾಲ್ಕಕ್ಕೂ ಈ ತೂಕ ಕೂಡೇತಿ. ಪಥ್ಯ ಮಾಡೀರಿ, ಗುಳಿಗಿ ತಗೊಂಡೀರಿ, ಇಳಿವಲ್ದು. ತೂಕ ಇಳಿಸೂ ಆಪರೇಷನ್ ಇವರಿಗೆ ಆಗ್ತೈತೋ ಇಲ್ಲೋ ದೊಡ್ಡ ಡಾಕ್ಟರ ಕೇಳ್ರಿ." ಬಾಗಲಕೋಟೆಯ ಒಂದು ದವಾಖಾನೆಗೆ ಆ ದೊಡ್ಡ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಿದ್ದರು. ಮೊದಲು ಊರಿನ ಡಾಕ್ಟರು ಕೊಟ್ಟ ಈ ಅರ್ಜಿ ಕಾಗದ ತುಂಬಿ, ಹಳೆಯ ರಿಪೋರ್ಟುಗಳ ನಕಲಿನ ಜೊತೆ ಅಂಚೆಯಲ್ಲಿ ಕಳಿಸಬೇಕು, ಅದನ್ನು ನೋಡಿ ಅವರು ದಿನ ಗೊತ್ತುಮಾಡುತ್ತಾರೆ. ಮಹೇಶ್ವರಿ ಅವತ್ತೇ ಎಲ್ಲ ತುಂಬಿಸಿದ್ದಳು. ಹೆಸರು, ವಯಸ್ಸು ಐವತ್ತೆಂಟು, ಕಾಯಿಲೆಗಳು, ಗುಳಿಗೆಗಳು. ತೂಕದ ಸಾಲು ಮಾತ್ರ ಖಾಲಿ ಇತ್ತು. ಕೆಳಗೆ ರೋಗಿಯ ಸಹಿಯ ಜಾಗವೂ ಖಾಲಿ.

"ಇದನ್ಯಾಕ ಕಳಿಸಿಲ್ಲ?" ಎಂದಳು ತಸ್ಲೀಮಾ.

"ಕಳಿಸಿ ಏನ್ ಮಾಡೂದೈತಿ?" ಶಂಕ್ರಪ್ಪ ಬಾಯೊಳಗಿನ ತಂಬಾಕು ಉಗುಳಿ ಬಂದು ಕೂತ. "ಹೊಟ್ಟಿ ಕೊಯ್ಸಿ ತೆಳ್ಳಗಾಗೂದು ಸಿನಿಮಾದವರ ಚೈನಿ. ಮನ್ಯಾಗ ಸುಮ್ನ ಇದ್ದಾಕಿನ್ನ ಕತ್ತರಿ ಬಾಯಿಗೆ ಯಾಕ ಕೊಡ್ಲಿ? ಒಂದು ರೊಟ್ಟಿ ಕಡಿಮಿ ತಿಂದ್ರ ಆತು. ಮನಸ್ಸು ಮಾಡಿದ್ರ ಎಲ್ಲಾ ಆಗ್ತೈತಿ."

"ಹೌದ್ರಿ ಕಾಕಾ? ತಂಬಾಕ ಬಿಡ್ರಿ ಅಂತ ಕಾಕಿ ನಿಮಗ ಹೇಳಾಕ ಹತ್ತಿ ಎಷ್ಟು ವರ್ಷ ಆತ್ರಿ? ಒಂದೀಟು ಮನಸ್ಸು ಮಾಡ್ಬೇಕಿತ್ತಲ್ಲ!"

ಶಂಕ್ರಪ್ಪ ಪೆಚ್ಚಾಗಿ ಮೀಸೆ ಒರೆಸಿಕೊಂಡ.

"ಸಿಟ್ಟಾಗಬ್ಯಾಡ್ರಿ," ತಸ್ಲೀಮಾ ದನಿ ತಗ್ಗಿಸಿದಳು. "ಕಾಕಿ ಎಷ್ಟು ಉಣ್ತಾರ ನೋಡೀರೇನು? ಭಾಳ ತೂಕ ಬಂದ ಮೈಯನ್ನ ಉಪವಾಸ ಕೆಡವಿದ್ರ ಅದು ಹಸಿವು ಹೆಚ್ಚು ಮಾಡ್ತೈತಿ, ಇದ್ದದ್ದನ್ನ ಹಿಡಿದು ಕೂಡ್ತೈತಿ. ಇದು ಸೋಮಾರಿತನ ಅಲ್ಲ, ಬ್ಯಾನಿ. ಮತ್ತ ಆ ಆಪರೇಷನ್‌ನಾಗ ಹೊಟ್ಟಿ ಮ್ಯಾಲಿನ ಕೊಬ್ಬು ಕೊಯ್ಯೂದಿಲ್ಲ. ಉಂಡದ್ದು ಹೋಗಿ ಕೂಡೂ ಚೀಲ ಇರ್ತೈತಲ್ಲ ಒಳಗ, ಜಠರ, ಅದನ್ನ ಸಣ್ಣ ಸಣ್ಣ ತೂತಿನಿಂದ ಒಳಗ ಹೋಗಿ ಸಣ್ಣದು ಮಾಡ್ತಾರ. ಹಸಿವು ತಗ್ಗತೈತಿ, ಭಾಳ ಮಂದಿಗೆ ಸಕ್ಕರಿನೂ ಹತೋಟಿಗೆ ಬರ್ತೈತಿ."

"ಜೀವಕ್ಕ ಏನರ ಆದ್ರ?" ಎಂದ ಶಂಕ್ರಪ್ಪ.

"ಅಪಾಯ ಇಲ್ಲಂತ ಸುಳ್ಳ್ಯಾಕ ಹೇಳ್ಲಿ? ಎಲ್ಲಾ ಆಪರೇಷನ್‌ಗೂ ಐತಿ. ಅದಕ್ಕ ಮೊದಲು ಹೃದಯ, ಉಸಿರು, ರಕ್ತ ಎಲ್ಲಾ ತಪಾಸ ಮಾಡ್ತಾರ. ನೋಡಿ ಬ್ಯಾಡ ಅಂತನೂ ಅನ್ನಬಹುದು. ಹಂಗಂದ್ರ ಬ್ಯಾರೆ ಔಷಧ ಕೊಡ್ತಾರ, ಮಲಗೂ ಮುಂದ ಉಸಿರಿಗೆ ಹಚ್ಚೂ ಮಷೀನ್ ಕೊಡ್ತಾರ. ಆಪರೇಷನ್ ಆದ್ರೂ ಅಲ್ಲಿಗೆ ಮುಗೀಲಿಲ್ಲ. ಜೀವ ಇರೂತನಕ ಸ್ವಲ್ಪ ಸ್ವಲ್ಪ, ನುಣ್ಣಗ ಅಗದು ಉಣ್ಬೇಕು, ವಿಟಮಿನ್ ಗುಳಿಗಿ ತಪ್ಪಿಸಬಾರ್ದು, ತಪಾಸಣಿಗೆ ಹೋಗ್ಬೇಕು. ಆದ್ರ ಆಗ್ತೈತೋ ಇಲ್ಲೋ ಅಂತ ಹೇಳೂದು ಡಾಕ್ಟರ ಕೆಲಸ. ಕೇಳದನ ನಾವ ಬ್ಯಾಡಂದ್ರ ಹೆಂಗ?"

ಶಂಕ್ರಪ್ಪ ಮಗಳ ಕಡೆ ಬೆರಳು ಮಾಡಿದ. "ಬ್ಯಾಡ ಅಂದಾಕಿ ಆಕಿ ಅವ್ವ. ಶ್ರಾವಣದಾಗ ತೂಕ ಮಾಡಿಸ್ಕೊಂಡು ಬರ್ತೇವಿ ಅಂತ ಇಬ್ರೂ ಹೋದ್ರು. ಬಂದಾಕಿ ಸಹಿ ಮಾಡಂಗಿಲ್ಲ ಅಂತ ಮುಖ ತಿರುವಿ ಕೂತ್ಲು. ಯಾಕಂತ ಇಬ್ರೂ ಹೇಳ್ಲಿಲ್ಲ."

ತಸ್ಲೀಮಾ ಗೆಳತಿಯ ಮುಖ ನೋಡಿದಳು. ಏಳು ತಿಂಗಳಿಂದ ಮಹೇಶ್ವರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿದ್ದ ಮಾತು ಅದು.

"ನಂದ ತಪ್ಪು," ಎಂದಳು. "ದವಾಖಾನಿ ತೂಕದ ಮುಳ್ಳು ನೂರಾ ಇಪ್ಪತ್ತಕ್ಕ ಹೋಗಿ ಬಡದು ನಿಂತುಬಿಡ್ತು. ಕಾಗದಾ ಇವತ್ತ ಕಳಿಸ್ಬೇಕು ಅಂತ ನನಗ ಅವಸರ. ಬರೂ ದಾರ್ಯಾಗ ಅಡತಿ ಅಂಗಡಿ ಇತ್ತು. ಜ್ವಾಳದ ಚೀಲ ತೂಗೂ ಕಾಟಾ ಐತಲ್ಲ, ಅದರ ಮ್ಯಾಲೆ ಒಂದ ನಿಮಿಷ ನಿಂದ್ರು ಬೇ ಅಂದೆ. ನಿಂತ್ಲು. ಹಮಾಲರು ಕೆಲಸಾ ಬಿಟ್ಟು ನೋಡಿದ್ರು. ಒಬ್ಬಂವ, ಒಂದು ಚೀಲೋ ಒಂದೂವರಿ ಚೀಲೋ ಅಂದ. ಎಲ್ಲಾರೂ ನಕ್ರು. ಒಬ್ಬಂವ ಫೋನ್ ಹಿಡದ. ಅಂಕಿ ನಿಲ್ಲೂದ್ರೊಳಗ ಅವ್ವ ಇಳಿದುಬಿಟ್ಲು. ಮನಿಗೆ ಬರೂತನಕ ಒಂದ ಮಾತ ಆಡಲಿಲ್ಲ. ಅವತ್ತಿನಿಂದ ಈಕಿ ಹೊಸ್ತಿಲ ದಾಟಿಲ್ಲ, ತಸ್ಲೀಮಾ."

"ದಾಟಿದ್ದೆ," ಎಂದಿತು ಒಂದು ದನಿ.

ಎಲ್ಲರೂ ತಿರುಗಿದರು. ಸಾವಿತ್ರೆವ್ವ ಕಣ್ಣು ತೆರೆದಿರಲಿಲ್ಲ. ಆದರೆ ಗೊರಕೆ ಯಾವಾಗಲೋ ನಿಂತಿತ್ತು.

"ಒಮ್ಮಿ ದಾಟಿದ್ದೆ. ಬಾದಾಮ್ಯಾಗ ಅಕ್ಕ ತೀರಿಕೊಂಡಾಗ."

ಸಾವಿತ್ರೆವ್ವನ ಅಕ್ಕ ಸೋಮವ್ವ. ಎರಡು ತಿಂಗಳ ಹಿಂದೆ, ಬನದ ಹುಣ್ಣಿಮೆ ಆಗಿ ನಾಲ್ಕು ದಿನಕ್ಕೆ ತೀರಿಹೋಗಿದ್ದಳು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಹಾಸಿಗೆಯಿಂದಲೇ ಫೋನು ಮಾಡಿ, ಒಮ್ಮೆ ಬಂದು ಮುಖ ತೋರಿಸಿ ಹೋಗೇ ಎಂದು ಅಂಗಲಾಚಿದ್ದಳು. ತಾಯಿಯಿಲ್ಲದ ತಂಗಿಯನ್ನು ಬೆಳೆಸಿದವಳು ಅವಳೇ. ಸುದ್ದಿ ಬಂದ ದಿನ ಕರೆದೊಯ್ಯಲು ಬಾದಾಮಿಯಿಂದ ಜೀಪು ಬಂದಿತ್ತು. ಸಾವಿತ್ರೆವ್ವ ಮೊಣಕಾಲು ಏಳುತ್ತಿಲ್ಲ ಎಂದು ಹೇಳಿ ಜೀಪನ್ನು ವಾಪಸು ಕಳಿಸಿದ್ದಳು. ಮನೆಯವರೂ ಅದನ್ನೇ ನಂಬಿದ್ದರು.

"ಮೊಣಕಾಲ ನೋವು ಅಂದದ್ದು ಸುಳ್ಳು," ಸಾವಿತ್ರೆವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನೀವ್ಯಾರೂ ಎದುರಿಗಿರಲಿಲ್ಲ, ಜೀಪಿನತನಕ ಹೋಗಿದ್ದೆ. ಮೆಟ್ಟಿಲು ಎತ್ತರ. ನನ್ನ ಎತ್ತಾಕ ನಾಕು ಮಂದಿ ಬೇಕು. ಅಲ್ಲಿ ಇಳಸಾಕ ಮತ್ತ ನಾಕು ಮಂದಿ. ಸತ್ತ ಮನ್ಯಾಗ ಸತ್ತಾಕಿನ್ನ ಬಿಟ್ಟು ಎಲ್ಲಾರೂ ನನ್ನ ನೋಡ್ತಾರ ಅನಿಸ್ತು. ನಮ್ಮಕ್ಕನ ಕಡೀ ದಿನಾ ನಾ ಯಾಕ ನಗಸಾರ ಮಾಡ್ಲಿ? ತಿರುಗಿ ಬಂದೆ. ಮುಖಾ ನೋಡ್ಲಿಲ್ಲ. ಮಣ್ಣು ಹಾಕ್ಲಿಲ್ಲ."

ಹರಿದ ಎಳೆ ರಾಟೆಯ ಮೇಲೆ ಗಾಳಿಗೆ ಅಲುಗುತ್ತಿತ್ತು.

ಶಂಕ್ರಪ್ಪ ತಲೆ ತಗ್ಗಿಸಿದ. ಅಕ್ಕನ ಮಣ್ಣಿಗೂ ಹೋಗದ ಕಲ್ಲು ಹೃದಯದವಳು ಎಂದು ಆ ವಾರ ಅವನೇ ಹೆಂಡತಿಯನ್ನು ಅಂದಿದ್ದ. ಉಣ್ಣುವ ಗಂಗಾಳದಿಂದ ಒಂದು ರೊಟ್ಟಿ ತೆಗೆದಿಟ್ಟು, ಇಷ್ಟು ಸಾಕು ನಿನಗೆ ಎಂದವನೂ ಅವನೇ. ಎರಡು ವರ್ಷದಿಂದ ಹೆಂಡತಿ ಅರೆಹೊಟ್ಟೆಯಲ್ಲಿ ಉಂಡೇಳುತ್ತಿದ್ದಳು. ಅವನು ಎದ್ದು ಬಂದು ಅವಳ ಪಕ್ಕದಲ್ಲಿ ಕೂತ. ನಲವತ್ತು ವರ್ಷದ ಸಂಸಾರದಲ್ಲಿ ಮಂದಿಯೆದುರು ಎಂದೂ ಹಿಡಿಯದ ಕೈ ಹಿಡಿದ.

"ನಾ ಬೈಯೂ ಮುಂದಾದ್ರೂ ಹೇಳ್ಬೇಕಿತ್ತಲ್ಲ ಸಾವಿತ್ರಿ," ಎಂದ.

"ಬೈಸಿಕೊಂಡು ಸಾಕಾಗಿತ್ತು," ಎಂದಳು ಅವಳು.

ತಸ್ಲೀಮಾ ಕಣ್ಣೊರೆಸಿಕೊಂಡು ಲಕೋಟೆಯೊಳಗಿನ ಕಾಗದ ಬಿಡಿಸಿದಳು. "ಮಹೇಶಿ, ತೂಕದ ಸಾಲು ಖಾಲಿ ಬಿಟ್ರೂ ನಡೀತಿತ್ತು. ಅಲ್ಲಿ ಅಗಲಾದ ಕಾಟಾ ಇರ್ತೈತಿ. ಗಾಲಿ ಕುರ್ಚ್ಯಾಗ ಕುಂಡ್ರಿಸಿ ಕುರ್ಚಿ ಸಮೇತ ತೂಗ್ತಾರ. ಹೋದ ವರ್ಷ ಹುನಗುಂದದಿಂದ ಒಬ್ಬಾಕಿನ್ನ ನಾನ ಕರ್ಕೊಂಡು ಹೋಗಿದ್ದೆ. ಇದೊಂದು ಅಂಕಿಗೋಸ್ಕರ ಯಾರೂ ಕಾಗದ ವಾಪಸ್ ಕಳಸ್ತಿರಲಿಲ್ಲ."

ಮಹೇಶ್ವರಿ ಕಾಗದದ ಆ ಖಾಲಿ ಸಾಲನ್ನೇ ನೋಡಿದಳು. ಯಾರಿಗೂ ಬೇಡವಾಗಿದ್ದ ಒಂದು ಅಂಕಿ. ಅದಕ್ಕಾಗಿ ಏಳು ತಿಂಗಳು ಹೋದವು, ತಾಯಿಯ ಮಾನ ಹೋಯಿತು, ದೊಡ್ಡವ್ವನ ಕೊನೆಯ ಮುಖ ಹೋಯಿತು. ಈ ಏಳು ತಿಂಗಳಲ್ಲಿ ಕಾಲಿಗೆ ಬಾವು ಬಂತು, ಉಸಿರು ಇನ್ನಷ್ಟು ಕುಗ್ಗಿತು.

"ಈಗ ತಡಾ ಆತೇನು?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದಳು ತಸ್ಲೀಮಾ. "ಈ ಬಾವು ನೋಡಿದ್ರ ಮೊದಲು ಹೃದಯಕ್ಕ ಔಷಧ ಕೊಡ್ಬೇಕಾದೀತು. ಅದಕ್ಕ ಬಾಗಲಕೋಟೆಯ ದಿನ ಕಾಯೂಹಂಗಿಲ್ಲ, ಇವತ್ತ ಊರಿನ ಡಾಕ್ಟರಿಗೆ ತೋರ್ಸೋಣ. ಶ್ರಾವಣದಾಗ ಹೋಗಿದ್ರ ಹಗುರಿತ್ತು, ಇಲ್ಲನ್ನಾಂಗಿಲ್ಲ. ಆದ್ರ ಇವತ್ತ ಕಳಿಸಿದ್ದು ನಾಳಿಗಿಂತ ಮೊದಲಾತು."

ಸಾವಿತ್ರೆವ್ವ ಕಣ್ಣು ತೆರೆದಳು. "ಪೆನ್ ಕೊಡ ಬೇ."

ಮಗಳು ಹುಟ್ಟಿದ ಮೇಲೆ ರಾತ್ರಿ ಸಾಲೆಗೆ ಹೋಗಿ ಕಲಿತ ಅಕ್ಷರ ಅವಳದು. ಊದಿದ ಬೆರಳಲ್ಲಿ ಪೆನ್ನು ಹಿಡಿದು, ಒಂದೊಂದು ಅಕ್ಷರಕ್ಕೂ ಉಸಿರು ಎಳೆದುಕೊಳ್ಳುತ್ತ ಸಹಿ ಮಾಡಿದಳು. ಆಮೇಲೆ ಕಾಗದದ ಮೇಲ್ಭಾಗಕ್ಕೆ ಹೋಗಿ, ಖಾಲಿ ಬಿದ್ದಿದ್ದ ತೂಕದ ಸಾಲಿನ ಮೇಲೆ ಪೆನ್ನಿಟ್ಟಳು. ಬರೆದು ಮುಗಿಸಲು ಬಹಳ ಹೊತ್ತು ಹಿಡಿಯಿತು. ಮಹೇಶ್ವರಿ ಬಗ್ಗಿ ಓದಿದಳು:

"ಅಲ್ಲೇ ಬಂದು ತೂಗಿಸಿಕೊಳ್ಳುತ್ತೇನೆ. ದಯಮಾಡಿ ಬಾಗಿಲು ಮುಚ್ಚಿ ತೂಗಿರಿ."

ಶಂಕ್ರಪ್ಪ ಅಂಗಿ ಹಾಕಿಕೊಂಡು ಹೋಗಿ ಆಟೋ ತಂದ. ಹೆಂಡತಿಯನ್ನು ಊರಿನ ಡಾಕ್ಟರ ಹತ್ತಿರ ತಾನೇ ಕರೆದೊಯ್ಯುವುದಾಗಿಯೂ ತಸ್ಲೀಮಾ ಜೊತೆಗೆ ಬರಬೇಕೆಂದೂ ಹೇಳಿದ. ಆಟೋದ ಒಳಗೆ ಕಾಣದಂತೆ ಎರಡೂ ಬದಿಗೆ ಸೀರೆ ಕಟ್ಟಿದ. ಅದು ಸಾವಿತ್ರೆವ್ವನೇ ನೇಯ್ದ ಸೀರೆ. ಮಹೇಶ್ವರಿ ಲಕೋಟೆ ಹಿಡಿದು ಅಂಚೆ ಕಚೇರಿಯ ಕಡೆ ನಡೆದಳು. ಅಲ್ಲಿ ಅವಳ ಮುಂದೆ ಆರು ಮಂದಿ ನಿಂತಿದ್ದರು.

ಅವಳ ಸರದಿ ಬರುವಷ್ಟರಲ್ಲಿ ನಿಮಗೆ ಎರಡು ಮಾತು ಹೇಳಬೇಕು. ನಿಮ್ಮ ತಂದೆಯೋ ತಾಯಿಯೋ ಹಗಲಲ್ಲೂ ತೂಕಡಿಸುತ್ತಿದ್ದರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಅದನ್ನು ಸುಖನಿದ್ದೆ ಎನ್ನಬೇಡಿ. ಕಾಲು ಬಾತಿದ್ದರೆ, ಉಸಿರು ಕುಗ್ಗುತ್ತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ತೂಕ ಇಳಿಯದಿದ್ದರೆ ಬೈದು ಗಂಗಾಳದ ರೊಟ್ಟಿ ತೆಗೆಯಬೇಡಿ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಆಗುವುದಿಲ್ಲ, ಎಲ್ಲರಿಗೂ ಬೇಕಾಗುವುದೂ ಇಲ್ಲ. ಅದನ್ನು ತಿಳಿದ ಡಾಕ್ಟರು ನೋಡಿ ಹೇಳಲಿ, ನೀವು ಕೇಳುವುದನ್ನು ಮಾತ್ರ ಬಿಡಬೇಡಿ. ಗೊತ್ತಿಲ್ಲದಿದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕರೆದು ಕೂಡಿಸಿಕೊಂಡು ಕೇಳಿ. ದಪ್ಪ ಮೈಯವರು ದಾರಿಯಲ್ಲಿ ಕಂಡರೆ ನಗಬೇಡಿ. ನೀವು ನಕ್ಕು ಮರೆತುಬಿಡುತ್ತೀರಿ, ಅವರು ಅದೇ ನಗುವಿಗೆ ಹೆದರಿ ಬಾಗಿಲು ಹಾಕಿಕೊಂಡು ಒಳಗೇ ಸಾಯುತ್ತಾರೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಒಂದು ಕಾಗದ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ.

ಮಹೇಶ್ವರಿಯ ಸರದಿ ಬಂತು.

"ರಿಜಿಸ್ಟರ್ ಏನ್ರಿ?" ಎಂದ ಕಿಟಕಿಯೊಳಗಿನವನು.

"ಹೌದ್ರಿ. ಲಗೂನ ಮುಟ್ಬೇಕು."

ಅವನು ಲಕೋಟೆಯನ್ನು ತೂಕಕ್ಕೆ ಇಟ್ಟ. ಮಹೇಶ್ವರಿ ಅಂಕಿ ನೋಡದೆ ಮುಖ ತಿರುಗಿಸಿದಳು. ಮುದ್ರೆ ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಿದಾಗ ಕಾಗದ ಬಾಗಲಕೋಟೆಯ ಚೀಲದೊಳಗೆ ಹೋಗಿ ಬಿದ್ದಿತ್ತು.