ಗಿರಣಿ ಬಾಯಿಯ ಅಯಸ್ಕಾಂತ

ಅಲ್ಯೂಮಿನಿಯಂ ತಟ್ಟೆಯ ಕೆಳಗೆ ಜೋರಾದ ಅಯಸ್ಕಾಂತವನ್ನು ಗಿರ್ರೆಂದು ತಿರುಗಿಸಿದರೆ, ಮುಟ್ಟದೆಯೇ ತಟ್ಟೆಯೂ ತಿರುಗುತ್ತದೆ. ಮೊಬೈಲಿನಲ್ಲಿ ಇದನ್ನು ಕಂಡ ದಿನದಿಂದ ಹೊಸೂರು ಬಳಿಯ ತಳಿ ಊರಿನ ಮುತ್ತರಾಯಪ್ಪನಿಗೆ ಊಟ ರುಚಿಸಲಿಲ್ಲ. ಹೂಕೋಸು ಬೆಳೆಯುವುದು ಅವನ ಕಸುಬು. ಅಟ್ಟದ ಮೇಲಿನ ಮೂಟೆಗೆ ಹಳೆ ಮೋಟಾರು, ತಂತಿ ತುಂಬುವುದು ಹುಚ್ಚು.

"ಭಾನುವಾರ ನನ್ ತಮ್ಮ ಬತ್ತಾನೆ," ಎಂದಳು ಹೆಂಡತಿ ರಮಾದೇವಿ. "ಅವನ ಮುಂದೆ ತಟ್ಟೆ ತಿರುಗ್ದೇ ಇದ್ರೆ, ಸೋಮವಾರ ಆ ಮೂಟೆ ಗುಜರಿಗೆ."

ಅವಳು ಹೇಳಿದರೆ ಹೇಳಿದ ಹಾಗೆಯೇ. ಮುತ್ತರಾಯಪ್ಪ ಅಂದೇ ಅಯಸ್ಕಾಂತ ಹುಡುಕಲು ಹೊರಟ.

ಹೊಸೂರಿನ ಅಂಗಡಿಯ ಅಯಸ್ಕಾಂತ ಗುಂಡುಸೂಜಿ ಎತ್ತಲೂ ತಿಣುಕಿತು. ರಾಯಕೋಟೆಯ ಗುಜರಿಯಲ್ಲಿ ಸಿಕ್ಕ ಸ್ಪೀಕರಿನದು ಬಸ್ಸಿನಲ್ಲೇ ಎರಡು ಹೋಳಾಯಿತು. ಆನ್‌ಲೈನಿನಲ್ಲಿ ಬೆಲೆ ನೋಡಿ ಮೊಬೈಲನ್ನೇ ಮಗುಚಿಟ್ಟ. ಕೊನೆಗೆ ಕಣ್ಣು ಬಿದ್ದದ್ದು ಗೆಳೆಯ ಮುನಿರಾಜನ ಹಿಟ್ಟಿನ ಗಿರಣಿಯ ಮೇಲೆ. ಕಾಳು ಸುರಿಯುವ ಬಾಯಲ್ಲಿ ಗೇಣುದ್ದದ ಅಯಸ್ಕಾಂತ ಕೂತಿತ್ತು.

"ಮೂರು ದಿನಕ್ಕೆ ಕೊಡಪ್ಪಾ," ಎಂದು ಗೋಗರೆದ.

"ಮೂರು ದಿನ್ದಲ್ಲಿ ಏನಾಗೋಗ್ತದೆ, ತಕ್ಕೊಂಡೋಗು," ಎಂದ ಮುನಿರಾಜ.

ಏನಾಗುತ್ತದೆಂದು ಇಬ್ಬರಿಗೂ ಗೊತ್ತಿರಬೇಕಿತ್ತು. ಅದು ಸುಗ್ಗಿಯ ಕಾಲ. ಊರವರೆಲ್ಲ ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡಿ, ಬಸ್ಸು ಲಾರಿಗಳ ಕೈಯಲ್ಲೇ ಒಕ್ಕಣೆ ಮಾಡಿಸಿದ್ದರು. ಗಾಡಿಗಳು ಉದುರಿಸಿ ಹೋದ ಮೊಳೆ, ಸ್ಕ್ರೂಗಳೂ ಕಾಳಿನ ಜೊತೆಗೇ ಮೂಟೆ ಸೇರಿದ್ದವು. ಅವನ್ನು ಹಿಡಿಯಲೆಂದೇ ಇದ್ದ ಅಯಸ್ಕಾಂತ ಅದು.

ಭಾನುವಾರ ಹಳೆ ಫ್ಯಾನಿನ ಮೋಟಾರಿಗೆ ಕಟ್ಟಿದ ಅಯಸ್ಕಾಂತ ತಿರುಗಿತು. ಮೇಲೆ ದಾರದಲ್ಲಿ ತೂಗಿದ್ದ ತಟ್ಟೆಯೂ ತಿರುಗಿತು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಬಾಮೈದ ಕುಮಾರೇಶ್ ಬಾಯಿ ಬಿಟ್ಟುಕೊಂಡು ನೋಡಿದ.

"ನಮ್ ಇಂಜಿನಿಯರ್ಗೂ ಇದು ಬರಲ್ಲ ಬಾವ."

ರಮಾದೇವಿಗೂ ಒಳಗೊಳಗೇ ಹೆಮ್ಮೆಯಾಯಿತು. ಆ ಸಡಗರದಲ್ಲಿ, ಹಿಂದಿನ ದಿನ ಮುನಿರಾಜನ ಗಿರಣಿಯಲ್ಲಿ ಹಾಕಿಸಿದ್ದ ರಾಗಿ ಹಿಟ್ಟನ್ನು ಜರಡಿ ಹಿಡಿಯುವುದನ್ನೇ ಮರೆತು ಮುದ್ದೆಗೆ ಎಸರಿಟ್ಟಳು.

ಮುದ್ದೆಯನ್ನು ನಮ್ಮ ಕಡೆ ಅಗಿಯುವುದಿಲ್ಲ, ನುಂಗುತ್ತೇವೆ. ಹತ್ತು ವರ್ಷ ಹೊಸೂರಿನಲ್ಲಿದ್ದು ಕೆಟ್ಟ ಕುಮಾರೇಶ್ ಅಗಿದ. ಕಟಕ್ ಎಂದಿತು. ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು, ಕೆಲಸದವನ ಗಾಂಭೀರ್ಯದಿಂದ ಪರೀಕ್ಷಿಸಿದ.

"ಸ್ಕ್ರೂ ಬಾವ. ನಾಕು ಎಂಎಂ."

ಮುತ್ತರಾಯಪ್ಪ ಆಗಲೇ ಎರಡು ಮುದ್ದೆ ನುಂಗಿದ್ದ. ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು.

ರಮಾದೇವಿ ಅಯಸ್ಕಾಂತ ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಆಡಿಸಿದಳು. ಮೊಳೆಗಳು ಸಾಲಾಗಿ ಅಂಟಿ ಬಂದವು.

"ತಟ್ಟೆ ತಿರುಗ್ತು, ಮೂಟೆ ಉಳೀತು. ನನ್ ಮಾತು ಮಾತೇ," ಎಂದಳು. "ಈಗ ಇದ್ ಹಿಡ್ಕೊಂಡು, ಹಿಟ್ಟು ಹಾಕಿಸ್ದೋರ ಮನೆಮನೆಗೂ ಹೋಗಿ ಬನ್ನಿ."

ಇಪ್ಪತ್ತು ಮನೆಯ ಬೈಗುಳ ತಿಂದು ಸಂಜೆಗೆ ಮರಳಿದ ಮುತ್ತರಾಯಪ್ಪ ನೇರ ಅಟ್ಟ ಹತ್ತಿ, ಜೇಬು ತುಂಬ ತಂದಿದ್ದ ಸ್ಕ್ರೂಗಳನ್ನು ಮೂಟೆಗೆ ಸುರಿದ. ಬಿಟ್ಟಿಯಾಗಿ ಇಷ್ಟೊಂದು ಸಾಮಾನು ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ರಮಾದೇವಿ ಕೆಳಗೆ ಕಾಯುತ್ತಿದ್ದಳು. ಅವನ ಕೈಯಿಂದ ಅಯಸ್ಕಾಂತ ಕಿತ್ತುಕೊಂಡು, ಅಂಗಿ ಎತ್ತಿ, ಹೊಟ್ಟೆಯ ಮೇಲೆ ಮೂರು ಸಲ ಆಡಿಸಿದಳು. ಎಲ್ಲೂ ಎಳೆಯಲಿಲ್ಲ. ಆಮೇಲೇ ಅವಳು ಉಸಿರುಬಿಟ್ಟದ್ದು.