ಹತ್ತು ಮಾರು ದೂರ

ಮಗಳ ಒಂದು ಜಡೆ ಹೆಣೆದಾಗಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದಳು ತಾಯಿ. ಅಷ್ಟರಲ್ಲಿ ಲಾಂಡ್ರಿಯ ಹೊಸ ಡ್ರೈವರ್ ಬಾಗಿಲಿಗೆ ಬಂದು ನಿಂತ. ಚಪ್ಪಲಿ ಬಿಡಲಿಲ್ಲ, ಒಳಗೂ ಬರಲಿಲ್ಲ.

"ಅಕ್ಕಾ, ಭಾವನ್ನ ಸ್ಟೇಷನ್‌ಗೆ ಕರ್ಕೊಂಡು ಹೋದ್ರು."

"ಯಾಕೆ? ಏನ್ಮಾಡಿದ್ರು?"

"ಗಾಡಿ ಓಡಿಸಿದ್ರು."

ಕೈಯಲ್ಲಿದ್ದ ಕೂದಲು ಜಾರಿತು. ಗಂಡ ಸ್ಟೇರಿಂಗ್ ಮುಟ್ಟಬಾರದು ಎನ್ನುವುದು ಆ ಮನೆಯ ಗೋಡೆಗೂ ಗೊತ್ತಿತ್ತು.

ಆ ಲಾಂಡ್ರಿಯ ವ್ಯಾನನ್ನು ಅವನು ಒಂಬತ್ತು ವರ್ಷ ಓಡಿಸಿದ್ದ. ಆಸ್ಪತ್ರೆಯಿಂದ ಕೊಳೆ ಬಟ್ಟೆ ತರುವುದು, ಒಗೆದದ್ದನ್ನು ಒಯ್ದು ಕೊಡುವುದು. ಹರಿದ ಹೊದಿಕೆಗಳನ್ನು ಅವಳು ಮನೆಯಲ್ಲಿ ಕೂತು ಹೊಲಿದುಕೊಡುತ್ತಿದ್ದಳು. ಬ್ರೇಕ್ ಸರಿಯಿಲ್ಲ ಎಂದು ಮಾಲೀಕನಿಗೆ ಅವನು ಮೂರು ಸಲ ಹೇಳಿದ್ದ. ನಾಲ್ಕನೆಯ ಸಲ ಹೇಳುವ ಮೊದಲೇ ವ್ಯಾನು ಸೈಕಲ್ಲಿನವನೊಬ್ಬನ ಕಾಲು ಮುರಿಯಿತು.

"ತಪ್ಪೊಪ್ಕೊಂಡ್ಬಿಡು, ಗಾಡಿ ಬೇಗ ಬಿಡ್ತಾರೆ. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ ಮಾಲೀಕ.

ಒಪ್ಪಿಕೊಂಡ. ಗಾಡಿ ಬಿಟ್ಟರು. ಇವನ ಲೈಸೆನ್ಸ್ ಒಂದು ವರ್ಷ ಅಮಾನತಾಯಿತು. ಆರು ತಿಂಗಳ ಜೈಲುಶಿಕ್ಷೆಯನ್ನು ತಡೆಹಿಡಿದು ಎರಡು ವರ್ಷ ಪ್ರೊಬೇಷನ್ ಎಂದರು. ಅಂದರೆ ಮನೆಯಲ್ಲೇ ಇರಬಹುದು, ತಿಂಗಳಿಗೊಮ್ಮೆ ಹೋಗಿ ಅಧಿಕಾರಿಯ ಮುಂದೆ ಸಹಿ ಹಾಕಬೇಕು. ಈ ನಡುವೆ ಇನ್ನೊಂದು ತಪ್ಪು ಮಾಡಿದರೆ ಮಲಗಿಸಿಟ್ಟ ಆ ಆರು ತಿಂಗಳೂ ಎದ್ದು ಬರುತ್ತವೆ.

ಅಂದಿನಿಂದ ಅದೇ ವ್ಯಾನಿನಲ್ಲಿ ಗಂಟು ಹೊರುವ ಕೆಲಸ, ಅರ್ಧ ಸಂಬಳ. "ಮೊದಲು ಬಟ್ಟೆ ನನ್ನ ಬೆನ್ನ ಹಿಂದೆ ಕೂತು ಬರ್ತಿತ್ತು, ಈಗ ಬಡ್ತಿ ಸಿಕ್ಕಿ ತಲೆ ಮೇಲೆ ಕೂತಿದೆ" ಎಂದು ಮಗಳನ್ನು ನಗಿಸುತ್ತಿದ್ದ.

"ಏನಾಯ್ತು, ಸರಿಯಾಗಿ ಹೇಳಪ್ಪಾ" ಎಂದಳು.

"ಎರಡು ಗಾಡಿಗೂ ನನ್ನೊಬ್ಬನ್ನೇ ಇಟ್ಟಿದ್ದಾರಲ್ಲಕ್ಕಾ. ಒಂದನ್ನ ಆಸ್ಪತ್ರೆ ಗೇಟಲ್ಲಿ ನಿಲ್ಲಿಸಿ, ಕೀ ಭಾವನ ಕೈಗೆ ಕೊಟ್ಟು, ಇನ್ನೊಂದು ತರೋಕೆ ಓಡ್ತೀನಿ. ದಿನಾ ಹಾಗೇ. ಇವತ್ತು ಹಿಂದೆ ಆಂಬುಲೆನ್ಸ್ ಬಂದ್ಬಿಡ್ತು. ಹೋಗೋಕೆ ದಾರಿ ಇಲ್ಲ. ಟ್ರಾಫಿಕ್ ಪೊಲೀಸು 'ತೆಗಿಯೋ ಗಾಡಿ' ಅಂತ ಕೂಗಿದ. ಭಾವ ಲೈಸೆನ್ಸ್ ಇಲ್ಲ ಸಾರ್ ಅಂದ್ರಂತೆ. 'ಒಳಗಿರೋರು ಸತ್ತರೆ ನಿನ್ನ ಲೈಸೆನ್ಸ್ ನೆಕ್ಕೋಕಾಗುತ್ತಾ? ತೆಗಿ' ಅಂದನಂತೆ. ಹತ್ತು ಮಾರು ಮುಂದೆ ಹಾಕಿದ್ದಾರೆ, ಅಷ್ಟೇ. ಕೆಳಗಿಳಿದ್ರೆ ಇನ್ಸ್‌ಪೆಕ್ಟರ್ ನಿಂತಿದ್ರು. ಲೈಸೆನ್ಸ್ ತೋರ್ಸು ಅಂದ್ರು. ಕೂಗಿದ ಪೊಲೀಸು ಆ ಕಡೆ ತಿರುಗ್ಕೊಂಡ."

"ಅಮ್ಮಾ, ಆ ಗಾಡಿಲಿ..." ಎಂದಳು ಮಗಳು.

"ಸುಮ್ನಿರು ಕಂದ." ಅವಳು ಡ್ರೈವರನ ಮುಖ ನೋಡಿದಳು. "ಕೀ ನೀನೇ ಕೊಟ್ಟಿದ್ದು ಅಂತ ಕೋರ್ಟಲ್ಲಿ ಹೇಳ್ತೀಯಾ?"

ಅವನು ಹೊಸ್ತಿಲನ್ನೇ ನೋಡಿದ. "ನಂಗೂ ಎರಡು ಮಕ್ಕಳಿದ್ದಾವೆ ಅಕ್ಕಾ."

ಮಗಳ ಕೈ ಹಿಡಿದು ಲಾಂಡ್ರಿಗೆ ಹೋದಳು. ಮಾಲೀಕ ಇಸ್ತ್ರಿ ಯಂತ್ರದ ಪಕ್ಕ ನಿಂತಿದ್ದ.

"ಕೀ ಅವರ ಹತ್ರ ಯಾಕಿತ್ತು ಅಂತ ನೀವೊಂದು ಮಾತು ಬಂದು ಹೇಳಿ ಸಾರ್. ತಪ್ಪು ಅವರದಲ್ಲ ಅಂತ ಗೊತ್ತಾದ್ರೆ ಬಿಟ್ಟರೂ ಬಿಡಬಹುದು."

"ಹೇಳಬಹುದಮ್ಮಾ. ಎರಡು ಗಾಡಿಗೆ ಒಬ್ಬನೇ ಡ್ರೈವರ್ ಯಾಕೆ ಅಂತ ನನ್ನನ್ನೇ ಹಿಡ್ಕೋತಾರೆ. ಆಸ್ಪತ್ರೆ ಗುತ್ತಿಗೆ ಹೋದ್ರೆ ಇಲ್ಲಿರೋ ನಲವತ್ತು ಜನ ಬೀದಿಗೆ. ಒಬ್ಬನಿಗೋಸ್ಕರ ನಲವತ್ತು ಮನೆ ಒಲೆ ಆರಿಸ್ಲಾ? ನೀನೇ ಹೇಳು."

ಯಂತ್ರದ ಮುಂದಿದ್ದ ಹೆಂಗಸರು ತಲೆ ಎತ್ತಲಿಲ್ಲ.

"ನಿನ್ನ ಹೊಲಿಗೆಗೆ ನಾನು ಕೈ ಹಾಕಲ್ಲ, ಹೆದರ್ಬೇಡ" ಎಂದು ಆ ದಿನದ ಹರಿದ ಹೊದಿಕೆಗಳ ಗಂಟನ್ನು ಕಾಲಿನಿಂದ ಅವಳತ್ತ ಸರಿಸಿದ. ಅದನ್ನು ಅಲ್ಲೇ ಬಿಟ್ಟು ಬರಬೇಕೆನಿಸಿತು. ಬಗ್ಗಿ ಎತ್ತಿಕೊಂಡಳು.

ಹನ್ನೆರಡು ದಿನದ ಮೇಲೆ ಗಂಡನನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಗಡ್ಡ ಬಂದಿತ್ತು. ಪ್ರೊಬೇಷನ್ ಅಧಿಕಾರಿ ಎದ್ದು, ಒಂದು ತಿಂಗಳೂ ಸಹಿ ತಪ್ಪಿಸಿಲ್ಲ ಎಂದರು. ನ್ಯಾಯಾಧೀಶರು ಬರೆದುಕೊಂಡರು. ಟ್ರಾಫಿಕ್ ಪೊಲೀಸನನ್ನು ಕರೆದರು.

"ಆಂಬುಲೆನ್ಸ್ ಬಂದಿದ್ದು ನಿಜ ಸ್ವಾಮಿ. ಇವನಿಗೆ ನಾನು ಏನಾದ್ರೂ ಹೇಳಿದ್ದು ನೆನಪಿಲ್ಲ."

ಗಂಡ ಬಾಯಿ ತೆರೆದ. ಅವನ ಸರದಿ ಇನ್ನೂ ಬಂದಿಲ್ಲ ಎಂದರು. ಬಂದಾಗ ಕೇಳಿದ್ದು ಒಂದೇ ಪ್ರಶ್ನೆ.

"ಗಾಡಿ ಓಡಿಸಿದೆಯಾ?"

"ಹತ್ತು ಮಾರು ಸ್ವಾಮಿ, ದಾರಿ ಬಿಡೋಕೆ..."

"ಎಷ್ಟು ದೂರ ಅಂತ ಕೇಳಲಿಲ್ಲ. ಓಡಿಸಿದೆಯಾ, ಇಲ್ಲವಾ?"

"ಓಡಿಸಿದೆ."

ಪ್ರೊಬೇಷನ್ ರದ್ದು. ಹಳೆಯ ಆರು ತಿಂಗಳು, ಹೊಸ ತಪ್ಪಿಗೆ ಮೂರು. ಲೈಸೆನ್ಸ್ ಇನ್ನು ಇಲ್ಲವೇ ಇಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ಮುಂದಿನ ಹೆಸರು ಕೂಗಿದರು.

ಹೊರಗಿನ ಓಣಿಯಲ್ಲಿ ಗಂಡನನ್ನು ಒಂದು ನಿಮಿಷ ನಿಲ್ಲಿಸಿದರು.

"ಹೊಲಿಗೆ ಬಿಡ್ಬೇಡ" ಎಂದ. "ಅವರ ಮೇಲೆ ಸಿಟ್ಟು ಮಾಡ್ಕೊಂಡು ಬಿಡ್ಬೇಡ."

"ಹೂಂ" ಎಂದಳು.

ಮಗಳ ತಲೆ ಸವರಲು ಕೈ ಎತ್ತಿದ. ಬೇಡಿ ಬಿಗಿದ ಒಂದು ಕೈಯ ಜೊತೆ ಇನ್ನೊಂದೂ ಎದ್ದು ಬಂತು. ಕರೆದುಕೊಂಡು ಹೋದರು.

ಆ ಟ್ರಾಫಿಕ್ ಪೊಲೀಸು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, ನೀರಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. ತಾಯಿಯ ಕೈ ಬಿಡಿಸಿಕೊಂಡು ಮಗಳು ಅವನೆದುರು ಹೋಗಿ ನಿಂತಳು. ಈ ಸಲ ತಾಯಿ ಸುಮ್ಮನಿರು ಎನ್ನಲಿಲ್ಲ.

"ಪೊಲೀಸ್ ಮಾಮಾ."

"ಏನು ಪುಟ್ಟಿ?"

"ಆ ಆಂಬುಲೆನ್ಸ್ ಒಳಗಿದ್ದೋರು ಬದುಕಿದ್ರಾ?"